ಬೇಟೆಗೆ ಲೇಸರ್ ರೇಂಜ್ ಫೈಂಡರ್: ಡಬ್ಬಿ ಮೇಲಿನ ನಂಬರ್ ಬಿಟ್ಟು ಉಳಿದದ್ದು ನೋಡಿ

ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 1000 ಅಂತ ಇರುತ್ತದೆ, ಇಲ್ಲ 2000, ಈಗೀಗ ಅದಕ್ಕಿಂತಲೂ ಜಾಸ್ತಿ. ರೇಂಜ್ ಫೈಂಡರ್ ಅಂದರೆ ಲೇಸರ್‌ನಿಂದ ದೂರ ಅಳೆಯುವ ಸಾಧನ, ಅದು ಎಷ್ಟು ದೂರ ಅಳೆಯುತ್ತದೆ ಅನ್ನುವುದೇ ಆ ನಂಬರ್. ಕೊಳ್ಳಲು ಹೋದವರೆಲ್ಲ ಮೊದಲು ನೋಡುವುದೂ ಅದನ್ನೇ. ನನ್ನನ್ನು ಕೇಳಿದರೆ ಕೊನೆಗೆ ನೋಡಬೇಕಾದ ನಂಬರ್ ಅದು. ಅಷ್ಟು ದೂರ ಅಳೆಯುವುದು ಚೆನ್ನಾಗಿ ಹೊಳೆಯುವ ವಸ್ತುವಿಗೆ ಹಿಡಿದಾಗ ಮಾತ್ರ, ಅಂದರೆ ರಸ್ತೆ ಬದಿಯ ಹೊಳೆಯುವ ಫಲಕದಂಥದ್ದಕ್ಕೆ. ಜಿಂಕೆಯ ಮೈ ಹಾಗೆ ಹೊಳೆಯುವುದಿಲ್ಲ. ಕಾಡುಹಂದಿಯದಂತೂ ಇಲ್ಲವೇ ಇಲ್ಲ.

ಹೆಚ್ಚಿನ ಕಂಪನಿಗಳು ಒಳಗಿನ ಕೈಪಿಡಿಯಲ್ಲಿ ಮೂರು ದೂರ ಬರೆದಿರುತ್ತಾರೆ. ಹೊಳೆಯುವ ವಸ್ತುವಿಗೆ ಒಂದು, ಮರಕ್ಕೆ ಒಂದು, ಜಿಂಕೆಗೆ ಒಂದು. ಆ ಮೂರನೆಯದನ್ನೇ ಓದಿ. ಅದು ಎಷ್ಟೋ ಮಾಡೆಲ್‌ಗಳಲ್ಲಿ ಡಬ್ಬಿ ಮೇಲಿನ ನಂಬರಿನ ಅರ್ಧದ ಆಸುಪಾಸು ಇರುತ್ತದೆ. ಜಿಂಕೆಯ ದೂರ ಎಲ್ಲೂ ಬರೆದೇ ಇಲ್ಲ ಅಂದರೆ ಆ ಮಾಡೆಲ್ ಬಗ್ಗೆ ನನಗೆ ಆಗಲೇ ಅನುಮಾನ ಶುರುವಾಗುತ್ತದೆ. ಬರೆದಿರುವ ಜಿಂಕೆಯ ದೂರವೂ ಒಳ್ಳೆಯ ಹವಾ ಇದ್ದಾಗಿನ ಮಾತು, ಮಂಜು ಅಥವಾ ಮಳೆ ಇದ್ದರೆ ಇನ್ನೂ ಕಮ್ಮಿ.

ಇದು ಯಾಕೆ ಹೀಗೆ ಅಂತ ಸ್ವಲ್ಪ ತಿಳಿದುಕೊಂಡರೆ ಆರಿಸುವುದು ಸುಲಭ. ಬಟನ್ ಒತ್ತಿದಾಗ ಸಾಧನ ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಬಿಟ್ಟುಬಿಟ್ಟು ಹೊಡೆಯುತ್ತದೆ. ಬೇಟೆಯ ಸಾಧನಗಳಲ್ಲಿ ಅದು ಸಾಮಾನ್ಯವಾಗಿ 905 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಆ ಬೆಳಕು ಪ್ರಾಣಿಗೆ ಬಡಿದು ಎಲ್ಲಾ ಕಡೆ ಚೆದುರುತ್ತದೆ, ಅದರಲ್ಲಿ ಅತಿ ಸಣ್ಣ ಪಾಲು ನಮ್ಮ ಕಡೆ ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ. 300 ಮೀಟರ್ ಹೋಗಿ ಬರಲು ಬೆಳಕಿಗೆ ಬೇಕಾದದ್ದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 2 ಭಾಗ ಅಷ್ಟೇ. ಇಷ್ಟು ಸೂಕ್ಷ್ಮ ಲೆಕ್ಕವನ್ನು ಅಂಗೈ ಅಗಲದ ವಸ್ತು ಮಾಡುತ್ತದಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ. ಬಿಸಿಲು ಜೋರಾಗಿದ್ದರೆ ವಾಪಸ್ ಬಂದ ಆ ಚೂರು ಬೆಳಕು ಸೂರ್ಯನ ಬೆಳಕಿನಲ್ಲಿ ಮುಳುಗಿಹೋಗುತ್ತದೆ, ಹಾಗಾಗಿ ನಡುಹಗಲಿಗಿಂತ ಮೋಡ ಇದ್ದಾಗ, ಮುಸ್ಸಂಜೆಯಲ್ಲಿ ಅದೇ ಸಾಧನ ಇನ್ನೂ ದೂರ ಅಳೆಯುತ್ತದೆ. ಮೈ ಒದ್ದೆಯಾದ ಕಪ್ಪು ಪ್ರಾಣಿ ಇದ್ದರೆ ಉಲ್ಟಾ, ಬೆಳಕೆಲ್ಲ ಅಲ್ಲೇ ಹೀರಿಹೋಗುತ್ತದೆ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯಕ್ಕೆ ಬರುತ್ತೇನೆ. ಬೇಟೆಯಲ್ಲಿ ತೊಂದರೆ ಬರುವುದು ದೂರ ಸಾಲದೇ ಅಲ್ಲ, ನಡುವೆ ಹುಲ್ಲು, ರೆಂಬೆ, ಎಲೆ ಇರುವುದರಿಂದ.

ಒಂದು ಸಂಜೆಯ ಚಿತ್ರ ಹೇಳುತ್ತೇನೆ. ಬಯಲಿನ ಅಂಚಿನಲ್ಲಿ ಹಂದಿ ನಿಂತಿದೆ, ಸೊಂಟದೆತ್ತರ ಹುಲ್ಲು, ಬೆನ್ನು ಮತ್ತು ಭುಜದ ಮೇಲ್ಭಾಗ ಮಾತ್ರ ಕಾಣುತ್ತಿದೆ. ಲೆನ್ಸ್‌ನೊಳಗೆ ಕಾಣುವ ಗುರಿಯ ಗುರುತನ್ನು ಸರಿಯಾಗಿ ಭುಜದ ಮೇಲೆ ಇಟ್ಟು ಬಟನ್ ಒತ್ತಿದರೆ 38 ಅಂತ ಬರುತ್ತದೆ. ಮತ್ತೆ ಒತ್ತಿದರೆ 41. ಇನ್ನೊಮ್ಮೆ ಒತ್ತಿದರೆ 164, ಆಮೇಲೆ ಪುನಃ 38. ಮೂವತ್ತೆಂಟು ಮೀಟರಿನಲ್ಲಿ ಇರುವುದು ನಮ್ಮ ಮುಂದಿನ ಪೊದೆಯ ಒಂದು ರೆಂಬೆ, ಅದು ಲೆನ್ಸ್‌ನಲ್ಲಿ ಮಸುಕಾಗಿ ಕಂಡೂ ಕಾಣದಂತಿದೆ. ಹಸಿರೆಲೆ ನಮ್ಮ ಕಣ್ಣಿಗೆ ಅಷ್ಟೇನೂ ಹೊಳೆಯುವುದಿಲ್ಲ, ಆದರೆ 905 ನ್ಯಾನೋಮೀಟರ್ ಬೆಳಕಿನಲ್ಲಿ ಅದು ಚೆನ್ನಾಗಿಯೇ ಹೊಳೆಯುತ್ತದೆ. ಅದಕ್ಕೇ ಹತ್ತಿರದ ಎಲೆ ಒಂದೆರಡಿದ್ದರೂ ದೂರದ ಮಂಕು ಮೈಯನ್ನು ಮೀರಿಸಿಬಿಡುತ್ತದೆ.

ಇದಕ್ಕೆ ಉತ್ತರ ಟಾರ್ಗೆಟ್ ಮೋಡ್. ಎರಡು ಥರ ಇವೆ. ಮೊದಲು ಸಿಕ್ಕಿದ್ದನ್ನು ತೋರಿಸುವುದು ಒಂದು, ಕೊನೆಗೆ ಸಿಕ್ಕಿದ್ದನ್ನು ತೋರಿಸುವುದು ಇನ್ನೊಂದು. ನಿಕಾನ್ ಇವನ್ನು ಫಸ್ಟ್ ಟಾರ್ಗೆಟ್ ಪ್ರಯಾರಿಟಿ, ಡಿಸ್ಟಂಟ್ ಟಾರ್ಗೆಟ್ ಪ್ರಯಾರಿಟಿ ಅನ್ನುತ್ತದೆ. ಬುಶ್ನೆಲ್‌ನಲ್ಲಿ ಬುಲ್ಸ್‌ಐ ಮತ್ತು ಬ್ರಶ್. ಹೆಸರು ಏನೇ ಇರಲಿ, ಕಾಡಿನಲ್ಲಿ ಬೇಟೆ ಆಡುವವರಿಗೆ ಈ ಎರಡನೇ ಮೋಡ್ ಇರಲೇಬೇಕು. ನನ್ನ ಮಟ್ಟಿಗೆ ಇದಿಲ್ಲದ ಸಾಧನ ಬೇಟೆಯದ್ದಲ್ಲ. ಗಾಲ್ಫ್ ಆಡುವವರ ಸಾಧನವನ್ನೇ ಬೇಟೆಗೂ ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಗಾಲ್ಫ್‌ನಲ್ಲಿ ಬೇಕಾದದ್ದು ಹಿಂದಿನ ಮರಗಳನ್ನು ಬಿಟ್ಟು ಮುಂದಿನ ತೆಳ್ಳನೆ ಬಾವುಟದ ಕೋಲನ್ನು ಹಿಡಿಯುವುದು, ಆ ಸಾಧನದ ಬುದ್ಧಿಯೆಲ್ಲ ಆ ಕಡೆಗೇ ಇರುತ್ತದೆ. ಕಾಡಿನಲ್ಲಿ ಅದು ಹಿಡಿಯುವುದು ರೆಂಬೆಯನ್ನು. ಬಯಲಲ್ಲಿ ಬಿಲ್ಲು ಹಿಡಿದು ಕೂರುವವರಿಗೆ ನಡೆಯುತ್ತದೆ, ಪೊದೆ ಇರುವ ಕಡೆ ಬೇಡ.

ಕೊನೆಯದನ್ನು ತೋರಿಸುವ ಮೋಡ್‌ಗೂ ಅದರದೇ ತೊಡಕು ಇದೆ. ಪ್ರಾಣಿಯ ಹಿಂದೆ ಮರವೋ ದಿಬ್ಬವೋ ಇದ್ದರೆ ಅದರ ದೂರ ಹೇಳಿಬಿಡುತ್ತದೆ. ಅದಕ್ಕೆ ಸ್ಕ್ಯಾನ್ ಮೋಡ್ ಬಳಸಿ. ಬಟನ್ ಒತ್ತಿ ಹಿಡಿದು ಸಾಧನವನ್ನು ನಿಧಾನಕ್ಕೆ ಪ್ರಾಣಿಯ ಕಾಲ ಬಳಿಯ ನೆಲ, ಮೈ, ಹಿಂದಿನ ಮರ ಹೀಗೆ ಸರಿಸುತ್ತಾ ಹೋದರೆ ನಂಬರ್‌ಗಳು ಮೆಟ್ಟಿಲಿನಂತೆ ಏರುತ್ತವೆ, ನಡುವಿನ ಮೆಟ್ಟಿಲೇ ನಮಗೆ ಬೇಕಾದದ್ದು. ಸ್ಕ್ಯಾನ್ ಮಾಡುವಾಗ ನಂಬರ್ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ತುಂಬಾ ಬೇರೆ. ನಾನು ಮೊದಲು ಬಳಸುತ್ತಿದ್ದ ಒಂದು ಅಗ್ಗದ ಸಾಧನದಲ್ಲಿ ನಂಬರ್ ಬರುವ ಹೊತ್ತಿಗೆ ಗುರುತು ಮೈಯಿಂದ ಮರಕ್ಕೆ ಹೋಗಿಬಿಟ್ಟಿರುತ್ತಿತ್ತು. ಈಗಿನದು ಕೈಯ ಜೊತೆಗೇ ಓಡುತ್ತದೆ. ಇಷ್ಟು ಒಂದೇ ವ್ಯತ್ಯಾಸಕ್ಕೆ ಜಾಸ್ತಿ ಹಣ ಕೊಟ್ಟದ್ದು ಸಾರ್ಥಕ ಅನಿಸಿದೆ.

ಇನ್ನು ಬೀಮ್, ಅಂದರೆ ಹೊರಗೆ ಹೋಗುವ ಲೇಸರ್ ಬೆಳಕಿನ ಕೋಲು, ಅದರ ಅಗಲ. ಲೇಸರ್ ಅಂದರೆ ದಾರದಂತೆ ನೇರವಾಗಿ ಹೋಗುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ದೂರ ಹೋದಷ್ಟೂ ಹರಡುತ್ತದೆ. ಇದನ್ನು ಮಿಲಿರೇಡಿಯನ್‌ನಲ್ಲಿ ಹೇಳುತ್ತಾರೆ. 1 ಮಿಲಿರೇಡಿಯನ್ ಅಂದರೆ 1000 ಮೀಟರಿನಲ್ಲಿ 1 ಮೀಟರ್ ಅಗಲ. ಬೀಮ್ 1.5 ಮಿಲಿರೇಡಿಯನ್ ಇದ್ದರೆ 300 ಮೀಟರಿನಲ್ಲಿ ಅದರ ಅಗಲ 45 ಸೆಂಟಿಮೀಟರ್. ಮಧ್ಯಮ ಗಾತ್ರದ ಜಿಂಕೆಯ ಎದೆಯ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಬೆಳಕೆಲ್ಲ ಮೈ ಮೇಲೇ ಬೀಳುತ್ತದೆ. ಅದೇ ಬೀಮ್ 600 ಮೀಟರಿನಲ್ಲಿ 90 ಸೆಂಟಿಮೀಟರ್ ಆಗುತ್ತದೆ, ಅರ್ಧಕ್ಕರ್ಧ ಬೆಳಕು ಮೈ ದಾಟಿ ಹಿಂದಿನ ಹುಲ್ಲಿಗೋ ಕಲ್ಲಿಗೋ ಹೋಗುತ್ತದೆ. ಬೀಮ್ ಚೌಕವೂ ಅಲ್ಲ, ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಉದ್ದ ಮೇಲೆ ಕೆಳಗೆ ಇದ್ದರೆ ಪ್ರಾಣಿಯ ಮುಂದಿನ ನೆಲವೂ ಒಳಗೆ ಸೇರಿಕೊಳ್ಳುತ್ತದೆ, ಅಡ್ಡಡ್ಡ ಇದ್ದರೆ ಪಕ್ಕದ ಮರ. ಕೈಪಿಡಿಯಲ್ಲಿ ಈ ಅಂಕಿ ಕೊಟ್ಟಿರುವ ಕಂಪನಿಯನ್ನು ನಾನು ಜಾಸ್ತಿ ನಂಬುತ್ತೇನೆ.

ಪರದೆ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಯಾಕೆಂದರೆ ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಪ್ಪು ಅಂಕಿಯ ಎಲ್‌ಸಿಡಿ ಹಗಲಲ್ಲಿ ಬಲು ಸ್ಪಷ್ಟ. ಆದರೆ ಬೇಟೆ ನಡೆಯುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಕಂದು ಮೈ, ಹಿಂದೆ ಕಪ್ಪು ಪೊದೆ, ಅದರ ಮೇಲೆ ಕಪ್ಪು ಅಂಕಿ, ಏನೂ ಕಾಣುವುದಿಲ್ಲ. ನಂಬರ್ ಓದಲು ಸಾಧನವನ್ನು ಆಕಾಶದ ಕಡೆ ಎತ್ತಬೇಕಾಗುತ್ತದೆ, ಅಷ್ಟು ಅಲುಗಾಡಿದರೆ ಜಿಂಕೆ ನಿಲ್ಲುತ್ತದಾ? ಜೊತೆಗೆ ನಡುವೆ ಆ ಎಲ್‌ಸಿಡಿ ಪದರ ಇರುವುದರಿಂದ ಒಳಗೆ ಬರುವ ಬೆಳಕೂ ಸ್ವಲ್ಪ ಕಮ್ಮಿಯಾಗುತ್ತದೆ. ಕೆಂಪು ಎಲ್‌ಇಡಿ ಅಥವಾ ಓಎಲ್‌ಇಡಿ ಅಂಕಿ ಇದಕ್ಕಿಂತ ಎಷ್ಟೋ ವಾಸಿ, ಒಂದು ಷರತ್ತಿನ ಮೇಲೆ: ಅದರ ಬೆಳಕನ್ನು ಕಮ್ಮಿ ಮಾಡಲು ಬರಬೇಕು. ಬರದಿದ್ದರೆ ಕತ್ತಲಾಗುವ ಹೊತ್ತಿಗೆ ಆ ಕೆಂಪೇ ಕಣ್ಣು ಕುಕ್ಕಿ ಪ್ರಾಣಿಯೇ ಕಾಣದಂತಾಗುತ್ತದೆ. ತಾನೇ ಬೆಳಕು ಹೊಂದಿಸಿಕೊಳ್ಳುವ ಮಾಡೆಲ್‌ಗಳೂ ಇವೆ, ಆದರೆ ಕೈಯಿಂದ ಹೊಂದಿಸುವ ಸೌಲಭ್ಯವೂ ಜೊತೆಗಿದ್ದರೆ ಒಳ್ಳೆಯದು.

ಲೆನ್ಸ್ ವಿಷಯದಲ್ಲಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ 6x21 ಇರುತ್ತದೆ, ಅಂದರೆ 6 ಪಟ್ಟು ದೊಡ್ಡದಾಗಿ ತೋರಿಸುವ, 21 ಮಿಲಿಮೀಟರ್ ಅಗಲದ ಲೆನ್ಸ್, ಲೈಕಾದ ರೇಂಜ್‌ಮಾಸ್ಟರ್‌ನಂಥವು 7x24. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಎರಡರಲ್ಲೂ ಸುಮಾರು 3.5 ಮಿಲಿಮೀಟರ್. ಕಣ್ಣಿಗೆ ಬಂದು ಸೇರುವ ಬೆಳಕಿನ ಅಗಲ ಅದು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅದಕ್ಕಿಂತ ಅಗಲ ತೆರೆದಿರುತ್ತದೆ, ಅಂದರೆ ಚಿತ್ರ ಮಂಕಾಗಿಯೇ ಕಾಣುತ್ತದೆ. ಪ್ರಾಣಿ ಹುಡುಕಲು ಬೈನಾಕ್ಯುಲರ್, ದೂರ ಅಳೆಯಲು ಇದು, ಹಾಗೆ ಕೆಲಸ ಹಂಚಿಕೊಡಿ. ಎರಡೂ ಒಂದರಲ್ಲೇ ಇರುವ ಬೈನಾಕ್ಯುಲರ್‌ಗಳು ಬಂದು ಬಹಳ ವರ್ಷವಾಯಿತು, ಲೈಕಾ ಜಿಯೋವಿಡ್ 1990ರ ದಶಕದಿಂದಲೇ ಇದೆ. ಬೆಟ್ಟದಲ್ಲಿ ದಿನವಿಡೀ ದೂರ ನೋಡುತ್ತಾ ಕೂರುವವರಿಗೆ ಅದು ವರವೇ ಸರಿ, ಎರಡು ವಸ್ತು ಬದಲಾಯಿಸುವ ಗದ್ದಲ ಇಲ್ಲ, ದೊಡ್ಡದಾದ್ದರಿಂದ ಎರಡು ಕೈಯಲ್ಲಿ ಹಿಡಿದಾಗ ನಡುಗುವುದೂ ಕಮ್ಮಿ. ಬೆಲೆ ಮತ್ತು ಭಾರ ಎರಡೂ ಜಾಸ್ತಿ ಅನ್ನುವುದಷ್ಟೇ ತಕರಾರು. ಪೊದೆಯಲ್ಲಿ ನೂರು ನೂರೈವತ್ತು ಮೀಟರ್ ಒಳಗೆ ಬೇಟೆ ಆಡುವವರಿಗೆ ಅದು ಬೇಕಿಲ್ಲ.

ಕನ್ನಡಕ ಹಾಕುವವರು ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಕಣ್ಣು ಲೆನ್ಸ್‌ನಿಂದ ಇರಬಹುದಾದ ದೂರ, 15 ಮಿಲಿಮೀಟರಿಗೆ ಕಮ್ಮಿ ಇಲ್ಲದ್ದನ್ನು ನೋಡಿ. ಅಂಕಿ ಮಸುಕಾಗಿ ಕಂಡರೆ ಸಾಧನ ಕೆಟ್ಟಿದೆ ಅಂದುಕೊಳ್ಳುವ ಮೊದಲು ಕಣ್ಣಿನ ಕಡೆಯ, ನಮ್ಮ ದೃಷ್ಟಿಗೆ ಹೊಂದಿಸಿಕೊಳ್ಳುವ ಡಯಾಪ್ಟರ್ ಉಂಗುರ ತಿರುಗಿಸಿ ನೋಡಿ.

ಇಳಿಜಾರಿನ ಲೆಕ್ಕದ ಬಗ್ಗೆ ಜಾಹೀರಾತಿನಲ್ಲಿ ತುಂಬಾ ಸದ್ದು. ಬುಶ್ನೆಲ್‌ನಲ್ಲಿ ಎಆರ್‌ಸಿ, ಲ್ಯೂಪೋಲ್ಡ್‌ನಲ್ಲಿ ಟಿಬಿಆರ್, ವೋರ್ಟೆಕ್ಸ್‌ನಲ್ಲಿ ಎಚ್‌ಸಿಡಿ, ನಿಕಾನ್‌ನಲ್ಲಿ ಐಡಿ ಅಂತ ಹೆಸರು. ವಿಷಯ ಸರಳ. ಗುಂಡನ್ನೋ ಬಾಣವನ್ನೋ ಕೆಳಗೆ ಎಳೆಯುವ ಲೆಕ್ಕಕ್ಕೆ ಬೇಕಾದದ್ದು ಓರೆ ದೂರ ಅಲ್ಲ, ನೆಲದ ಮಟ್ಟದ ಅಡ್ಡ ದೂರ. ಬೆಟ್ಟದ ಮೇಲಿಂದ 30 ಡಿಗ್ರಿ ಕೆಳಗೆ 400 ಮೀಟರ್ ಓರೆ ದೂರ ಇದ್ದರೆ ಅಡ್ಡ ದೂರ 346 ಮೀಟರ್ ಮಾತ್ರ. 54 ಮೀಟರ್ ವ್ಯತ್ಯಾಸ ಅಂದರೆ ಹುಡುಗಾಟವಲ್ಲ, ಗುಂಡು ಬೆನ್ನಿನ ಮೇಲೆ ಹಾರಿಹೋಗುತ್ತದೆ. ಅದೇ ಅಟ್ಟಣೆ ಮೇಲೆ 6 ಮೀಟರ್ ಎತ್ತರದಲ್ಲಿ ಕೂತು 20 ಮೀಟರ್ ಓರೆ ದೂರದ ಜಿಂಕೆಗೆ ಬಾಣ ಬಿಡುವಾಗ ಅಡ್ಡ ದೂರ ಸುಮಾರು 19 ಮೀಟರ್. ಒಂದು ಮೀಟರಿನಿಂದ ಏನೂ ಆಗುವುದಿಲ್ಲ. ಹಾಗಾಗಿ ಬೆಟ್ಟ ಗುಡ್ಡದವರಿಗೆ ಇದು ಬೇಕೇ ಬೇಕು. ಅಟ್ಟಣೆಯವರು ಇದೊಂದಕ್ಕೇ ಅಂತ ಹೆಚ್ಚು ದುಡ್ಡು ಕೊಡಬೇಡಿ. ಈಗ ಹೆಚ್ಚಿನದರಲ್ಲಿ ಹೇಗೂ ಇರುತ್ತದೆ, ಅದು ಬೇರೆ ಮಾತು.

ಗುಂಡಿನ ವೇಗ, ಗಾಳಿಯ ಒತ್ತಡ, ತಾಪಮಾನ ಎಲ್ಲ ಹಾಕಿ ಬಂದೂಕಿನ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್‌ನ ಬಿರಡೆಯನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಅಂತಲೂ ಹೇಳುವ ಮಾಡೆಲ್‌ಗಳಿವೆ, ಸಿಗ್ ಸಾವರ್‌ನ ಕಿಲೋ ಸರಣಿಯಲ್ಲಿ ಬ್ಲೂಟೂತ್ ಮೂಲಕ ಸ್ಕೋಪ್‌ಗೇ ಹೇಳುವ ವ್ಯವಸ್ಥೆಯೂ ಇದೆ. ನಿಮ್ಮ ಗುಂಡಿನ ನಿಜವಾದ ವೇಗ ಅಳೆದು ಗೊತ್ತಿಲ್ಲದಿದ್ದರೆ ಇದರಿಂದ ಲಾಭವಿಲ್ಲ. ತಪ್ಪು ಅಂಕಿ ಹಾಕಿದರೆ ತಪ್ಪು ಉತ್ತರವೇ ಬರುತ್ತದೆ, ಅದೂ ಬಲು ಠೀವಿಯಿಂದ.

ದೂರ ಸರಿಯಾಗಿ ಗೊತ್ತಿರಬೇಕು ಅಂತ ನಾನು ಇಷ್ಟು ಹಠ ಮಾಡುವುದಕ್ಕೆ ಕಾರಣ ಪ್ರಾಣಿ. ಗುರಿ ತಪ್ಪಿದರೆ ಬದುಕಿತು ಅನ್ನಬಹುದು. ಆದರೆ ಅರ್ಧಂಬರ್ಧ ತಗಲಿದರೆ ಅದು ಎಲ್ಲೋ ಹೋಗಿ ನರಳಿ ಸಾಯುತ್ತದೆ, ಅದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇನ್ನೊಂದಿಲ್ಲ. ಸೆಕೆಂಡಿಗೆ 85 ಮೀಟರ್ ಹೋಗುವ ಬಾಣವನ್ನು 30 ಗಜ ಅಂತ ಲೆಕ್ಕ ಹಾಕಿ 35 ಗಜದಲ್ಲಿರುವ ಪ್ರಾಣಿಗೆ ಬಿಟ್ಟರೆ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎದೆಯ ಬದಲು ಕಾಲಿಗೆ ತಗಲಲು ಅಷ್ಟು ಸಾಕು. ರೈಫಲ್‌ನಲ್ಲಿ ಹತ್ತಿರದಲ್ಲಿ ಇಷ್ಟು ಗೊತ್ತಾಗುವುದಿಲ್ಲ, ಆದರೆ 308 ವಿಂಚೆಸ್ಟರ್ ಗುಂಡಿನ ರೈಫಲನ್ನು 200 ಗಜದಲ್ಲಿ ಗುರಿಗೆ ಸರಿಯಾಗಿ ತಗಲುವಂತೆ ಹೊಂದಿಸಿಟ್ಟಿದ್ದರೆ ಸಾಮಾನ್ಯ ಗುಂಡು 300 ಗಜದಲ್ಲಿ 8-9 ಇಂಚು, 400 ಗಜದಲ್ಲಿ ಸುಮಾರು 2 ಅಡಿ ಕೆಳಗೆ ಇರುತ್ತದೆ. ಬಿಲ್ಲಿನವರಿಗೇ ರೇಂಜ್ ಫೈಂಡರ್ ಹೆಚ್ಚು ಬೇಕು ಅಂತ ನಾನು ಹೇಳುವುದು ಇದಕ್ಕೇ, 100 ಮೀಟರ್ ಮಾತ್ರ ಅಳೆದರೂ ಪರವಾಗಿಲ್ಲ, ಆದರೆ ಹತ್ತಿರದ್ದನ್ನು ಕರಾರುವಾಕ್ಕಾಗಿ ಅಳೆಯಬೇಕು. ಎಷ್ಟು ಹತ್ತಿರದಿಂದ ಶುರುವಾಗುತ್ತದೆ ಅನ್ನುವುದನ್ನೂ ನೋಡಿ.

ಗಜ ಮತ್ತು ಮೀಟರ್ ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. 400 ಗಜ ಅಂದರೆ 366 ಮೀಟರ್. ಬ್ಯಾಟರಿ ಬದಲಾಯಿಸಿದಾಗ ಕೆಲವು ಸಾಧನ ತಾನಾಗಿ ಗಜಕ್ಕೆ ಹೋಗಿಬಿಡುತ್ತದೆ, ಮೂಲೆಯ ಆ ಪುಟ್ಟ ಅಕ್ಷರವನ್ನು ಗಮನಿಸುವ ಅಭ್ಯಾಸ ಇರಲಿ.

ಇನ್ನು ಬೀಮ್ ಮತ್ತು ಗುರುತು ಒಂದೇ ಕಡೆ ಇದೆಯಾ ಅನ್ನುವುದು. ಎಷ್ಟು ದೊಡ್ಡ ಹೆಸರಿನದ್ದಾದರೂ ಇದನ್ನು ನೀವೇ ಪರೀಕ್ಷೆ ಮಾಡಿ. ಹಿಂದೆ ಆಕಾಶ ಬಿಟ್ಟು ಬೇರೇನೂ ಇಲ್ಲದ ಒಂದು ಕಂಬ ಹುಡುಕಿ, ನೂರಿನ್ನೂರು ಮೀಟರ್ ದೂರದ್ದು. ಸಾಧನವನ್ನು ಯಾವುದಾದರೂ ಗೋಡೆ ಮೇಲೆ ಊರಿ ಸ್ಕ್ಯಾನ್ ಮೋಡ್ ಹಾಕಿ. ಗುರುತನ್ನು ಕಂಬದ ಎಡಗಡೆ ಆಕಾಶದಲ್ಲಿಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಲಕ್ಕೆ ಸರಿಸಿ. ಮೊದಲು ಗೆರೆಗೆರೆ ಮಾತ್ರ ಕಾಣುತ್ತದೆ, ಬೀಮ್ ಕಂಬಕ್ಕೆ ತಾಗಿದ ಕ್ಷಣ ನಂಬರ್ ಬರುತ್ತದೆ. ಆಗ ಗುರುತು ಎಲ್ಲಿದೆ ನೋಡಿಕೊಳ್ಳಿ. ಮತ್ತೆ ಬಲದಿಂದ ಎಡಕ್ಕೆ ಹಾಗೇ ಮಾಡಿ. ಎಡದಿಂದ ಬರುವಾಗ ಗುರುತು ಕಂಬ ಮುಟ್ಟುವ ಮೊದಲೇ ನಂಬರ್ ಬಂದು, ಬಲದಿಂದ ಬರುವಾಗ ಗುರುತು ಕಂಬ ದಾಟಿದ ಮೇಲೆ ಬಂದರೆ, ಬೀಮ್ ಗುರುತಿಗಿಂತ ಬಲಕ್ಕಿದೆ ಅಂತ. ಕಂಬದ ತುದಿಯಲ್ಲಿ ಮೇಲಿಂದ ಕೆಳಕ್ಕೂ ಹೀಗೇ ನೋಡಿ. ಸ್ವಲ್ಪ ಆಚೀಚೆ ಇದ್ದರೆ ಕೈಗೆ ರೂಢಿಯಾಗುತ್ತದೆ. ಆದರೆ 1 ಮಿಲಿರೇಡಿಯನ್ ಸರಿದಿದ್ದರೂ 300 ಮೀಟರಿನಲ್ಲಿ 30 ಸೆಂಟಿಮೀಟರ್ ಆಚೆ ಅಳೆಯುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ವಾಪಸ್ ಕೊಡಿ.

ಸದ್ದಿನ ವಿಷಯ ಚಿಕ್ಕದು ಅನಿಸಬಹುದು, ಅಲ್ಲ. ಚೀಲಕ್ಕೆ ವೆಲ್ಕ್ರೋ ಇದ್ದರೆ ಅದನ್ನು ಬಿಚ್ಚುವ ಪರ್ ಅನ್ನುವ ಸದ್ದಿಗೆ ಹತ್ತಿರದ ಜಿಂಕೆ ತಲೆ ಎತ್ತುವುದು ಗ್ಯಾರಂಟಿ. ಆಯಸ್ಕಾಂತದ ಮುಚ್ಚಳವೂ ಟಪ್ ಅನ್ನುತ್ತದೆ. ಎಲಾಸ್ಟಿಕ್ ಕುಣಿಕೆ ಇರುವ ಚೀಲ ನನಗೆ ಇಷ್ಟ. ಬಟನ್ ಒತ್ತಿದಾಗ ಕ್ಲಿಕ್ ಕೇಳಿಸುತ್ತದಾ ಅಂತಲೂ ಕಿವಿ ಹತ್ತಿರ ಇಟ್ಟು ನೋಡಿ, ಚಳಿಯ ಗ್ಲೌಸ್ ಹಾಕಿಕೊಂಡೂ ಒತ್ತಿ ನೋಡಿ. ಕೂತ ಜಾಗದಿಂದ ಸುತ್ತಲಿನ ಮರ, ಬಂಡೆ, ಪೊದೆಗಳನ್ನು ಮೊದಲೇ ಅಳೆದಿಟ್ಟುಕೊಂಡರೆ ಪ್ರಾಣಿ ಬಂದಾಗ ಸಾಧನ ಎತ್ತುವ ಪ್ರಮೇಯವೇ ಬರುವುದಿಲ್ಲ.

ನೀರಿನ ರಕ್ಷಣೆಯಲ್ಲಿ ಐಪಿಎಕ್ಸ್4 ಅಂದರೆ ಎರಚಲು ತಡೆಯುತ್ತದೆ ಅಷ್ಟೇ, ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಹೊಳೆ ದಾಟುವವರು ಎರಡನೆಯದನ್ನೇ ತಗೊಳ್ಳಿ. ಬ್ಯಾಟರಿ ಹೆಚ್ಚಾಗಿ ಸಿಆರ್2, 3 ವೋಲ್ಟಿನ ಲಿಥಿಯಂ, ಹೆಪ್ಪುಗಟ್ಟುವ ಚಳಿಯಲ್ಲಿ ಅದರ ಕಸುವೂ ಇಳಿಯುತ್ತದೆ, ಇನ್ನೊಂದನ್ನು ಮೈಗೆ ತಾಗುವ ಜೇಬಿನಲ್ಲಿ ಇಟ್ಟುಕೊಳ್ಳಿ.

ಬೇಟೆಗೆ ಪರವಾನಗಿ ಮತ್ತು ಕಾಲ ಎರಡೂ ಸರಿ ಇರಬೇಕು ಅನ್ನುವುದು ಹೇಳಬೇಕಿಲ್ಲ. ಆದರೆ ಸಾಧನದ ಬಗ್ಗೆಯೂ ನಿಯಮಗಳಿವೆ. ಕೈಯಲ್ಲಿ ಹಿಡಿದು ಅಳೆಯುವುದನ್ನು ಒಪ್ಪುವ ಕೆಲವು ಕಡೆ ಬಿಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ಜೋಡಿಸುವುದನ್ನು ಒಪ್ಪುವುದಿಲ್ಲ. ಜೋಡಿಸುವ ಮಾಡೆಲ್ ಕೊಳ್ಳುವ ಮೊದಲು ನೀವು ಬೇಟೆ ಆಡುವ ಜಾಗದ ನಿಯಮ ಓದಿ.

ನನ್ನ ಆಯ್ಕೆ ಹೇಳಿ ಅಂದರೆ: ಜಿಂಕೆಗೆ 500 ಮೀಟರ್ ಅಂತ ಬರೆದಿರುವ, ಕೊನೆಯ ಟಾರ್ಗೆಟ್ ಮೋಡ್ ಇರುವ, ಬೆಳಕು ಕಮ್ಮಿ ಮಾಡಬಲ್ಲ ಕೆಂಪು ಅಂಕಿಯ, ಚುರುಕಾಗಿ ಸ್ಕ್ಯಾನ್ ಮಾಡುವ ಒಂದು ಮಧ್ಯಮ ಬೆಲೆಯ ಸಾಧನ. ಕಣ್ಣು ಮುಚ್ಚಿಕೊಂಡು ಡಬ್ಬಿ ಮೇಲೆ 4000 ಅಂತ ಬರೆದಿರುವುದನ್ನು ತಗೊಳ್ಳುವುದಕ್ಕಿಂತ ಇದರಲ್ಲಿ ಮಿಕ್ಕ ದುಡ್ಡಿಗೆ ಒಳ್ಳೆಯ ಬೈನಾಕ್ಯುಲರ್ ಸೇರಿಸಿಕೊಳ್ಳಿ. ಮತ್ತೆ ತಂದ ದಿನವೇ ಸೂರ್ಯ ಮುಳುಗಿದ ಮೇಲೆ ಹೊರಗೆ ತೆಗೆದುಕೊಂಡು ಹೋಗಿ, ಪೊದೆಯ ಸಂದಿಯಿಂದ ಅದರಾಚೆಯ ಮಂಕಾದ ಏನಾದರೊಂದಕ್ಕೆ ಹಿಡಿದು ನೋಡಿ, ದನವೋ ಒಣ ಮರದ ಬೊಡ್ಡೆಯೋ ಯಾವುದಾದರೂ ಆದೀತು. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಇದು ಆಗಬೇಕು.